ಕೆರೆ ಗೋಡಿನಿಂದ ಒಂದು ಹಸು: ಮಣ್ಣು ತಂದಿದ್ದರಿಂದ ಆವಿಗೆವರೆಗೆ

ಮಾಡಿರೋದು ಏನು ಅಂದ್ರೆ, ಕೆರೆ ಗೋಡಲ್ಲಿ, ಅಂದ್ರೆ ಕೆರೆ ತಳದ ಹೂಳು ಮಣ್ಣಲ್ಲಿ, ಕೂತ್ಕೊಂಡು ಮೆಲುಕು ಹಾಕ್ತಿರೋ ಒಂದು ನಾಟಿ ಹಸುವಿನ ಶಿಲ್ಪ. ಹಸಿ ಇದ್ದಾಗ ಉದ್ದ 12 ಇಂಚು, ಸುಟ್ಟು ಬಂದ ಮೇಲೆ 11 ಇಂಚಿನ ಮೇಲೆ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ). ಈಗಿನ ತೂಕ 2 ಕೆಜಿ 310 ಗ್ರಾಂ. ಆಷಾಢದಲ್ಲಿ ಶುರು ಮಾಡಿದ್ದು, ದೀಪಾವಳಿ ಮುಂಚೆ ಆವಿಗೆಯಿಂದ, ಅಂದ್ರೆ ಕುಂಬಾರರು ಮಡಕೆ ಸುಡೋ ಗೂಡಿಂದ, ಹೊರಗೆ ಬಂತು. ನಾನು ಇದಕ್ಕೂ ಮುಂಚೆ ಮಣ್ಣಲ್ಲಿ ಏನೂ ಮಾಡಿರ್ಲಿಲ್ಲ, ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ, ಮನೇಲಿ ಮೂರು ಹಸು, ಬಿಡುವಿದ್ದಾಗ ಮಾಡಿದ್ದು ಅಷ್ಟೇ. ನಮ್ಮೂರು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕು.

ಹೊಸದಾಗಿ ಶುರು ಮಾಡೋರಿಗೆ ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಎಲ್ಲರೂ ಮೂಗು ಹೇಗೆ ತಿದ್ದೋದು, ಕಣ್ಣು ಹೇಗೆ ಕೂರಿಸೋದು ಅಂತಾನೇ ಕೇಳ್ತಾರೆ, ನಾನೂ ಅದನ್ನೇ ಕೇಳ್ಕೊಂಡು ಓಡಾಡ್ತಿದ್ದೆ. ಆದ್ರೆ ಆಕಾರ ಮಾಡೋದು ಈ ಕೆಲಸದಲ್ಲಿ ಕಾಲು ಭಾಗ ಇರಬಹುದು. ಮಿಕ್ಕಿದ್ದೆಲ್ಲಾ ಮಣ್ಣಿನ ಒಳಗಿರೋ ನೀರನ್ನ ಹೊರಗೆ ಕಳಿಸೋ ಕೆಲಸ. ನನ್ನ ಹತ್ರ ಒಡೆದಿದ್ದು ಬಹುತೇಕ ಎಲ್ಲಾ ನೀರಿಂದಾನೇ ಒಡೆದಿದ್ದು, ಕೈ ಬರ್ಲಿಲ್ಲ ಅಂತ ಕೆಟ್ಟಿದ್ದು ಕಮ್ಮಿ. ಅದಕ್ಕೇ ಕೆಳಗೆ ಕೆಲವು ಹಂತ ಉದ್ದ ಇದೆ, ಕೆಲವು ಎರಡೇ ಮಾತಲ್ಲಿ ಮುಗಿಯುತ್ತೆ.

1. ಮಣ್ಣು

ಮೊದಲೆಲ್ಲಾ ಬೇಸಿಗೇಲಿ ಕೆರೆಗೆ ಇಳಿದು ಗುದ್ದಲಿಯಿಂದ ಎಷ್ಟು ಬೇಕಾದ್ರೂ ಅಗೀಬಹುದಿತ್ತು, 2018ರಿಂದ ಕೆಸಿ ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ನಮ್ಮ ಕಡೆ ಕೆರೆಗೆ ಬಿಡೋದು) ಬರೋಕೆ ಶುರುವಾದ ಮೇಲೆ ನಮ್ಮ ಕಡೆ ಎಷ್ಟೋ ಕೆರೇಲಿ ನೀರು ನಿಂತಿರುತ್ತೆ, ಅದು ಒಳ್ಳೇದೇ, ಆದ್ರೆ ಮಣ್ಣು ಬೇಕು ಅನ್ನೋರು ಬೇರೆ ದಾರಿ ನೋಡ್ಕೋಬೇಕು. ನಮ್ಮ ಮಾವನ ಹೊಲದ ಬದುವಲ್ಲಿ ಹಿಂದೆ ಹೂಳು ತೆಗೆದಾಗ ಟ್ರ್ಯಾಕ್ಟರಲ್ಲಿ ತಂದು ಸುರಿದಿದ್ದ ಗೋಡು ಒಂದು ಗುಡ್ಡೆ ಹಾಗೇ ಬಿದ್ದಿತ್ತು. ಅದರಲ್ಲಿ ಎರಡು ಗೊಬ್ಬರದ ಚೀಲ ತುಂಬಿಸ್ಕೊಂಡು ಬೈಕಲ್ಲಿ ತಂದೆ.

ಮಣ್ಣು ಆಗುತ್ತೋ ಇಲ್ವೋ ಅಂತ ಅಲ್ಲೇ ನೋಡೋಕೆ ಒಂದು ಉಪಾಯ ಇದೆ. ಸ್ವಲ್ಪ ನೀರು ಹಾಕಿ ಕಲಸಿ, ಕಿರುಬೆರಳು ದಪ್ಪಕ್ಕೆ ಹೊಸೆದು, ಅದನ್ನ ಬೆರಳಿಗೆ ಸುತ್ತಿ ನೋಡೋದು. ಬಿರುಕು ಬಿಡದೆ ಸುತ್ತಿಕೊಂಡ್ರೆ ಅಂಟು ಸಾಕಷ್ಟಿದೆ ಅಂತ ಅರ್ಥ. ಹೊಲದ ಕೆಮ್ಮಣ್ಣು ಸುತ್ತೋಕೆ ಹೋದ್ರೆ ಅಲ್ಲೇ ಮುರೀತು, ಗೋಡು ಚೆನ್ನಾಗಿ ಸುತ್ಕೊಂತು.

ಆಮೇಲೆ ಸೋಸೋದು. ಇಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ: ಪೂರ್ತಿ ಒಣಗಿರೋ ಹೆಂಟೆ ನೀರಿಗೆ ಹಾಕಿದ್ರೆ ಅರ್ಧ ಗಂಟೇಲಿ ತಾನಾಗೇ ಬಿಚ್ಕೊಂಡು ಕೆಸರಾಗುತ್ತೆ, ಆದ್ರೆ ಅರೆ ಹಸಿ ಇರೋ ಹೆಂಟೆ ಮಾರನೇ ದಿನಾನೂ ಹಾಗೇ ಉಂಡೆ ಉಂಡೆಯಾಗಿ ಕೂತಿರುತ್ತೆ. ಅದಕ್ಕೆ ಮಣ್ಣನ್ನ ಟಾರ್ಪಾಲ್ ಮೇಲೆ ಹರಡಿ ಬಿಸಿಲಿಗೆ ಖಣಖಣ ಒಣಗಿಸಿ, ಮರದ ಕೊಡತಿಯಲ್ಲಿ ಕುಟ್ಟಿ, ಆಮೇಲೆ ಡ್ರಮ್ಮಲ್ಲಿ ನೆನೆ ಹಾಕ್ದೆ. ನೀರು ಮಣ್ಣಿನ ಮೇಲೆ ಒಂದು ಗೇಣು ನಿಲ್ಲಬೇಕು. ಚೆನ್ನಾಗಿ ಕದಡಿ, ಒಂದು ನಿಮಿಷ ಬಿಟ್ಟು, ಮೇಲಿನ ಗಟ್ಟಿ ನೀರನ್ನ ಕಿಟಕಿಗೆ ಹೊಡೆಯೋ ಸೊಳ್ಳೆ ಜಾಲರಿ ಮೂಲಕ ಇನ್ನೊಂದು ಬಕೆಟ್‌ಗೆ ಸುರಿದ್ರೆ ಮರಳು, ಕಲ್ಲು ತಳದಲ್ಲೇ ಉಳ್ಕೊಳ್ಳುತ್ತೆ. ಜಾಲರೀಲಿ ಬೇರು, ಕಡ್ಡಿ, ಶಂಖದ ಹುಳದ ಚಿಪ್ಪು ಬೇಕಾದಷ್ಟು ಸಿಕ್ತು. ಈ ಚಿಪ್ಪಿನ ಮಾತು ಕೊನೇಲಿ ಮತ್ತೆ ಬರುತ್ತೆ, ನೆನಪಿಟ್ಕೊಳ್ಳಿ.

ಎರಡು ದಿನ ಬಿಟ್ರೆ ಮಣ್ಣು ಕೆಳಗೆ ಕೂತು ತಿಳಿನೀರು ಮೇಲೆ ನಿಲ್ಲುತ್ತೆ, ಅದನ್ನ ಪೈಪ್ ಇಟ್ಟು ಎಳೆದು ಹಾಕಿ, ಕೆಸರನ್ನ ಹಳೇ ದಿಂಬಿನ ಕವರಿಗೆ ತುಂಬಿ ಹುಣಸೆ ಮರದ ಕೊಂಬೆಗೆ ನೇತು ಹಾಕ್ದೆ. ಅಲ್ಲಿಂದ ಇಳಿಸಿ ಒಣ ಇಟ್ಟಿಗೆ ಜೋಡಿಸಿ ಅದರ ಮೇಲೆ ಬಟ್ಟೆ ಹಾಸಿ ಮಣ್ಣು ಹರಡಿದ್ರೆ ಇಟ್ಟಿಗೆ ನೀರು ಚೆನ್ನಾಗಿ ಹೀರ್ಕೊಳ್ಳುತ್ತೆ. ಮಾಲೂರು ಸುತ್ತಮುತ್ತ ಇಟ್ಟಿಗೆಗೆ ಬರ ಇಲ್ಲ, ಬೇರೆ ಕಡೆಯವರು ಪ್ಲಾಸ್ಟರ್ ಆಫ್ ಪ್ಯಾರಿಸ್ ಹಲಗೆ ಎರಕ ಹೊಯ್ದು ಮಾಡೋ ಕೆಲಸ ನಮಗೆ ಇಟ್ಟಿಗೇಲೇ ಆಯ್ತು. ರಾಗಿ ಮುದ್ದೆ ಹದಕ್ಕೆ ಬಂದಾಗ, ಅಂದ್ರೆ ಕೈಗೆ ಅಂಟದೆ ಉಂಡೆ ಕಟ್ಟೋಕೆ ಆದಾಗ, ತೆಗೆದು ನಾದಿ ಪ್ಲಾಸ್ಟಿಕ್ ಕವರಲ್ಲಿ ಬಿಗಿದು ಇಟ್ಟೆ. ಎರಡು ಚೀಲದಿಂದ ಬಂದಿದ್ದು ಸುಮಾರು 30 ಕೆಜಿ ಒಳ್ಳೆ ಮಣ್ಣು. ಕವರಲ್ಲಿ ಕೂತಷ್ಟೂ ಅಂಟು ಜಾಸ್ತಿ ಆಗುತ್ತೆ, ವಾಸನೇನೂ ಬರುತ್ತೆ, ಗಾಬರಿ ಬೇಡ.

2. ಪರೀಕ್ಷೆ ಪಟ್ಟಿ

ಇದನ್ನ ಯಾರೂ ಬಿಡಬೇಡಿ. ಹಸು, ಗಣಪ, ಮುಖ, ಏನೇ ಮಾಡೋಕೆ ಮುಂಚೆ ಮಣ್ಣು ಎಷ್ಟು ಕುಗ್ಗುತ್ತೆ ಅಂತ ಅಳೀಬೇಕು. 12 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲ, 1 ಸೆಂಟಿಮೀಟರ್ ದಪ್ಪದ ಪಟ್ಟಿ ಮಾಡಿ, ಸ್ಕೇಲ್ ಇಟ್ಟು ಬ್ಲೇಡಲ್ಲಿ ಸರಿಯಾಗಿ 10 ಸೆಂಟಿಮೀಟರ್ ಗೆರೆ ಹಾಕಿ ಒಣಗೋಕೆ ಬಿಡೋದು. ಒಣಗಿದ ಮೇಲೆ ಗೆರೆ ಅಳೆದ್ರೆ ಎಷ್ಟು ಮಿಲಿಮೀಟರ್ ಕಮ್ಮಿಯಾಗಿದೆಯೋ ಅಷ್ಟೇ ಪರ್ಸೆಂಟ್.

ಬರೀ ಗೋಡಿನ ಪಟ್ಟಿ 9 ಸೆಂಟಿಮೀಟರ್‌ಗೆ ಬಂತು, ಬಾಗಿಕೊಂಡು ಮಧ್ಯ ಸೀಳೂ ಬಿಟ್ಟಿತ್ತು. ನೂರಕ್ಕೆ ಹತ್ತು ಕುಗ್ಗೋ ಮಣ್ಣಲ್ಲಿ ಶಿಲ್ಪ ಮಾಡೋಕಾಗಲ್ಲ. ಒಂದು ಕೆಜಿ ಕಲಸಿದ ಮಣ್ಣಿಗೆ 200 ಗ್ರಾಂ ಹೆಂಚಿನ ಪುಡಿ ಹಾಕಿದ್ದು 9.2ಕ್ಕೆ ನಿಂತ್ಕೊಂತು, 300 ಗ್ರಾಂ ಹಾಕಿದ್ದು 9.4ಕ್ಕೆ. ಪುಡಿ ಬದಲು 200 ಗ್ರಾಂ ಸಣ್ಣ ಮರಳು ಹಾಕಿದ್ದೂ 9.2, ಆದ್ರೆ ಅಂಚು ಉದುರ್ತಿತ್ತು, ಬೆರಳಲ್ಲಿ ತಿದ್ದೋಕೆ ಒರಟು. ರಾಗಿ ಹೊಟ್ಟು ಸೇರಿಸಿದ ಪಟ್ಟಿ ಸೀಳಲಿಲ್ಲ, ಆದ್ರೆ ಮೈಯೆಲ್ಲಾ ತರಿತರಿ. ಕೊನೆಗೆ 300 ಗ್ರಾಂ ಹೆಂಚಿನ ಪುಡಿ ಮಿಶ್ರಣಾನೇ ಗಟ್ಟಿ ಮಾಡ್ಕೊಂಡೆ.

ಹೆಂಚಿನ ಪುಡಿ ಯಾಕೆ ಅಂದ್ರೆ ಹೆಂಚು ಒಂದು ಸಲ ಸುಟ್ಟು ಕುಗ್ಗಿಬಿಟ್ಟಿರೋ ಮಣ್ಣು, ಅದು ಮತ್ತೆ ಕುಗ್ಗಲ್ಲ. ಹಸಿ ಮಣ್ಣಿನ ಮಧ್ಯ ಅದರ ಕಾಳು ಇದ್ರೆ ಒಳಗಿನ ನೀರು ಹೊರಗೆ ಬರೋಕೂ ದಾರಿ ಸಿಗುತ್ತೆ. ಹಳೇ ಮನೆ ಬಿಚ್ಚಿದ ಹೆಂಚಿನ ಚೂರು ನಮ್ಮೂರಲ್ಲಿ ತಿಪ್ಪೇಲಿ ಬಿದ್ದಿರುತ್ತೆ, ಕಾಸಿಲ್ಲ. ಒರಳಲ್ಲಿ ಕುಟ್ಟಿ ಒಂದ್ರಿ ಹಿಡಿದೆ, ಆಮೇಲೆ ಟೀ ಸೋಸೋ ಜಾಲರೀಲಿ ಇನ್ನೊಂದು ಸಲ. ಕುಟ್ಟೋವಾಗ ನೀರು ಚಿಮುಕಿಸ್ಕೊಂಡು ಕುಟ್ಟಿ, ಮೂಗಿಗೆ ಒಳ್ಳೆ ಮಾಸ್ಕ್ ಹಾಕ್ಕೊಳ್ಳಿ, ಕರ್ಚೀಫ್ ಸಾಲಲ್ಲ. ಆ ಧೂಳಲ್ಲಿ ಸಿಲಿಕಾ ಇರುತ್ತೆ, ಕೆಜಿಎಫ್ ಚಿನ್ನದ ಗಣೀಲಿ ಕೆಲಸ ಮಾಡಿದವರ ಶ್ವಾಸಕೋಶ ಹಾಳು ಮಾಡಿದ ಸಿಲಿಕೋಸಿಸ್ ಏನು ಅಂತ ಈ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಒಣಗಿದ ಮಣ್ಣನ್ನ ಮರಳು ಕಾಗದದಲ್ಲಿ ಉಜ್ಜೋಕೂ ಇದೇ ಮಾತು, ಒದ್ದೆ ಸ್ಪಾಂಜಲ್ಲಿ ಒರೆಸಿ ನುಣುಪು ಮಾಡಿ, ಧೂಳು ಎಬ್ಬಿಸಬೇಡಿ. ಮನೇಲಿ ಮಕ್ಕಳಿದ್ರೆ ಇನ್ನೂ ಜಾಸ್ತಿ ಹುಷಾರು.

3. ತಿರುಗೋ ಮಣೆ

ಶಿಲ್ಪಾನ ನಾಲ್ಕೂ ಕಡೆಯಿಂದ ನೋಡ್ತಾ ಮಾಡಬೇಕಾದ್ರೆ ತಿರುಗೋ ಮಣೆ ಬೇಕೇ ಬೇಕು. ಗುಜರಿ ಅಂಗಡೀಲಿ ಕಾಯಿಲ್ ಸುಟ್ಟಿರೋ ಸೀಲಿಂಗ್ ಫ್ಯಾನ್ ಒಂದು 250 ರೂಪಾಯಿಗೆ ಸಿಕ್ತು, ಬೇರಿಂಗ್ ಚೆನ್ನಾಗಿತ್ತು, ಕೈಯಲ್ಲಿ ತಿರುಗಿಸಿದ್ರೆ ಸದ್ದಿಲ್ಲದೆ ತಿರುಗ್ತಿತ್ತು, ತಗೊಳ್ಳೋವಾಗ ನೋಡಬೇಕಾಗಿರೋದು ಅದೊಂದೇ. ರೆಕ್ಕೆ, ಕಂಡೆನ್ಸರ್, ವೈರ್ ಎಲ್ಲಾ ಕಿತ್ತು ಹಾಕ್ದೆ, ಇದಕ್ಕೆ ಕರೆಂಟ್ ಕೊಡೋ ಮಾತೇ ಇಲ್ಲ. ಫ್ಯಾನನ್ನ ತಲೆಕೆಳಗು ಮಾಡಿ, ಅದರ ರಾಡನ್ನ ಒಂದು ಅಡಿಗೆ ಕತ್ತರಿಸಿ, 10 ಲೀಟರ್ ಪೇಂಟ್ ಬಕೆಟ್ ಮಧ್ಯ ನಿಲ್ಲಿಸಿ ಕಾಂಕ್ರೀಟ್ ತುಂಬಿದ್ದು. ರೆಕ್ಕೆ ಕೂರಿಸೋ ತೂತುಗಳಿಗೆ ಬೋಲ್ಟ್ ಹಾಕಿ ಮೇಲೆ 12 ಎಂಎಂ ಪ್ಲೈವುಡ್ಡಿನ 14 ಇಂಚು ಅಗಲದ ದುಂಡು ಹಲಗೆ.

ಕಾಂಕ್ರೀಟ್ ಹಾಕಿದ ರಾತ್ರಿ ರಾಡ್ ಒಂದು ಕಡೆಗೆ ವಾಲಿ ಹಾಗೇ ಗಟ್ಟಿಯಾಗಿಬಿಡ್ತು. ನಾಲ್ಕು ಕಡೆ ದಾರ ಕಟ್ಟಿ ಎಳೆದು ನಿಲ್ಲಿಸಿದ್ರೆ ಹಾಗಾಗ್ತಿರ್ಲಿಲ್ಲ. ವಾಲಿದ ಮಣೆ ತಿರುಗಿಸಿದ್ರೆ ತಾನಾಗೇ ತಗ್ಗಿನ ಕಡೆ ಬಂದು ನಿಲ್ಲುತ್ತೆ, ಮೇಲೆ ಭಾರ ಇದ್ರಂತೂ ಇನ್ನೂ ಜಾಸ್ತಿ. ಬಕೆಟ್ ಕೆಳಗೆ ಒಂದು ಕಡೆ ರಬ್ಬರ್ ತುಂಡು ಕೊಟ್ಟು, ಮೇಲೆ ರಸಮಟ್ಟ ಇಟ್ಟು ಸರಿ ಮಾಡ್ದೆ. ಈಗ ಹತ್ತು ಕೆಜಿ ಇಟ್ರೂ ಒಂದು ಬೆರಳಲ್ಲಿ ತಿರುಗುತ್ತೆ.

ಮಿಕ್ಕ ಸಾಮಾನು: ಮುರಿದ ಹ್ಯಾಕ್ಸಾ ಬ್ಲೇಡ್, ಸೈಕಲ್ ಸ್ಪೋಕ್ ಬಗ್ಗಿಸಿ ಬಿದಿರಿನ ಹಿಡಿಗೆ ಕಟ್ಟಿದ ಕೆರೆಯೋ ಕಂಬಿ, ಬಿದಿರು ಕಡ್ಡಿ, ಹಳೇ ಸ್ಟೀಲ್ ಚಮಚ, ಹಲ್ಲುಜ್ಜೋ ಬ್ರಷ್, ಸ್ಪಾಂಜ್, ಬ್ರೇಕ್ ವೈರಿಂದ ಬಿಚ್ಚಿದ ಒಂದು ಎಳೆ. ಆನ್‌ಲೈನಲ್ಲಿ ಸಿಗೋ ಟೂಲ್ ಸೆಟ್ ಇಲ್ಲದಿದ್ರೆ ಆಗಲ್ಲ ಅನ್ನೋದು ಸುಳ್ಳು, ಸ್ಪೋಕಿನ ಕಂಬಿಯಷ್ಟು ಕೆಲಸಕ್ಕೆ ಬಂದಿದ್ದು ಇನ್ನೊಂದಿಲ್ಲ.

4. ತಂತಿ ಹಾಕಿದ ಹಸು (ಒಡೆದಿದ್ದು)

ಮೊದಲನೇ ಹಸು ನಿಂತಿರೋದು. ನಾಲ್ಕು ಕಾಲು ಮೈ ಭಾರ ತಡೀಬೇಕಲ್ಲ ಅಂತ ಒಳಗೆ ಬೈಂಡಿಂಗ್ ವೈರ್ ಹೆಣೆದು ಅಸ್ಥಿಪಂಜರ ಮಾಡಿ ಅದರ ಮೇಲೆ ಮಣ್ಣು ಮೆತ್ತಿದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಬೆಳಿಗ್ಗೆ ಶಿಫ್ಟ್ ಮುಗಿಸಿ ಬಂದು ನೋಡಿದ್ರೆ ಪ್ರತಿಯೊಂದು ಕಾಲೂ ಉದ್ದಕ್ಕೆ ಸೀಳಿ ಒಳಗಿನ ತಂತಿ ಕಾಣ್ತಿತ್ತು, ಹೊಟ್ಟೆ ಸುತ್ತ ಒಂದು ಬಿರುಕು. ಕಾರಣ ಸುಲಭ: ಮಣ್ಣು ಕುಗ್ಗುತ್ತೆ, ತಂತಿ ಕುಗ್ಗಲ್ಲ. ಒಳಗಿರೋದು ಬಿಡ್ತಿಲ್ಲ, ಹೊರಗಿನದು ಚಿಕ್ಕದಾಗಲೇಬೇಕು, ಆಗ ಸೀಳದೆ ಏನು ಮಾಡುತ್ತೆ.

ತಂತಿ ಹಾಕಿ ಮಾಡೋ ಪದ್ಧತಿ ಇರೋದು ನಿಜ, ಆದ್ರೆ ಅದು ಆಮೇಲೆ ಅಚ್ಚು ತೆಗೆಯೋ ಕೆಲಸಕ್ಕೆ, ಅಥವಾ ಒಣಗದೇ ಇರೋ ಎಣ್ಣೆ ಕ್ಲೇಗೆ. ಸುಡೋ ಮಣ್ಣಿಗೆ ಒಳಗೆ ತಂತಿ ಇರಬಾರದು. ತಂತಿ ಕಿತ್ತು ಮಣ್ಣನ್ನ ಪೂರ್ತಿ ಒಣಗಿಸಿ ಕುಟ್ಟಿ ಮತ್ತೆ ನೆನೆ ಹಾಕಿದ್ದಾಯ್ತು. ಸುಡೋವರೆಗೂ ಎಷ್ಟು ಸಲ ಬೇಕಾದ್ರೂ ಹೀಗೆ ವಾಪಸ್ ತಗೋಬಹುದು, ಈ ಹವ್ಯಾಸದಲ್ಲಿ ನನಗೆ ತುಂಬಾ ಇಷ್ಟ ಆಗಿರೋದೇ ಅದು, ಏನೂ ದಂಡ ಆಗಲ್ಲ.

5. ಗುಂಡಿ ಬೆಂಕಿ

ದೊಡ್ಡದು ಮಾಡೋ ಮುಂಚೆ ಸುಟ್ರೆ ಏನಾಗುತ್ತೆ ನೋಡೋಣ ಅಂತ ಹಿತ್ತಲಲ್ಲಿ ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ. ತಳಕ್ಕೆ ತೆಂಗಿನ ಮಟ್ಟೆ, ಅದರ ಮೇಲೆ ಬೆರಣಿ ಒಂದು ವರಸೆ, ಪರೀಕ್ಷೆ ಪಟ್ಟಿಗಳು, ನಿಂಬೆಹಣ್ಣು ಗಾತ್ರದ ಎರಡು ಕರುವಿನ ತಲೆ, ಸುತ್ತಲೂ ಮೇಲೂ ಮತ್ತೆ ಬೆರಣಿ, ಕೊನೇಲಿ ನೀಲಗಿರಿ ಪುರಲೆ. ಗಾಳಿ ಕಡೆಯಿಂದ ಹಚ್ಚಿದ್ದು.

ಹತ್ತು ನಿಮಿಷ ಆಗಿರಬಹುದು, ಒಳಗೆ ಪಟ್ ಅಂತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಬೆಳಿಗ್ಗೆ ಬೂದಿ ಕೆದಕಿದ್ರೆ ಪಟ್ಟಿಗಳು ಗಟ್ಟಿಯಾಗಿ ಬಂದಿದ್ವು, ಒಂದು ಕಡೆ ಕೆಂಪು, ಬೆರಣಿ ತಾಗಿ ಗಾಳಿ ಸಿಗದ ಕಡೆ ಕಪ್ಪು. ಕರುವಿನ ತಲೆಗಳು ಚೂರು ಚೂರು. ಒಳಗೆ ಗಾಳಿ ಸಿಕ್ಕಿಹಾಕ್ಕೊಂಡ್ರೆ ಸಿಡಿಯುತ್ತೆ ಅಂತ ಬೇಕಾದಷ್ಟು ಜನ ಹೇಳ್ತಾರೆ, ನನ್ನ ತಲೆಗಳಲ್ಲಿ ಗಾಳಿ ಇರ್ಲೇ ಇಲ್ಲ, ಗಟ್ಟಿಯಾಗಿ ಒತ್ತಿ ಮಾಡಿದ್ದೆ. ಸಿಡಿಸಿದ್ದು ನೀರು. ಹೊರಗೆ ಮುಟ್ಟಿದ್ರೆ ಒಣಗಿದ ಹಾಗೆ ಇತ್ತು, ಒಳಗೆ ತೇವ ಇತ್ತು, ಅದು ಆವಿಯಾಗಿ ಹೊರಗೆ ಬರೋಕೆ ಜಾಗ ಸಿಗದೆ ಒಡ್ಕೊಂಡು ಬಂತು. ಪಟ್ಟಿ 1 ಸೆಂಟಿಮೀಟರ್ ದಪ್ಪ, ತಲೆ ಮಧ್ಯದಲ್ಲಿ 4 ಸೆಂಟಿಮೀಟರ್ ಮೇಲೆ. ಅವತ್ತೇ ತೀರ್ಮಾನ ಮಾಡಿದ್ದು, ಹಸು ಯಾವ ಜಾಗದಲ್ಲೂ 2 ಸೆಂಟಿಮೀಟರ್ ದಾಟಬಾರದು.

6. ಕೂತ ಹಸು

ಈ ಸಲ ಕಾಲಿನ ತೊಂದರೇನೇ ಬೇಡ ಅಂತ ಕೂತಿರೋ ಹಸು. ಮಾಡೆಲ್ ನಮ್ಮ ಕೊಟ್ಟಿಗೇಲೇ ಇದೆ. ಮಧ್ಯಾಹ್ನ ಮೇವು ತಿಂದು ಮಲಗಿದಾಗ ಪಕ್ಕದಲ್ಲಿ ಕೂತು ದಾರ ಹಿಡಿದು ಅಳೆದೆ. ಕೊಂಬಿನ ಬುಡದಿಂದ ಮೂತಿವರೆಗೆ ಒಂದು ಅಳತೆ ಅಂದ್ರೆ, ಎದೆಯಿಂದ ಹಿಂಬದಿವರೆಗೆ ಸುಮಾರು ಮೂರು ಅಳತೆ. ನಾನು ಕಣ್ಣಂದಾಜಲ್ಲಿ ಮಾಡಿದ್ದ ಮೊದಲ ಹಸೂಗೆ ತಲೆ ತುಂಬಾ ದೊಡ್ಡದಿತ್ತು, ದಾರ ಹಿಡಿದ ಮೇಲೆ ಅದು ಹೋಯ್ತು.

ಅಂತರಗಂಗೇಲಿ ಬಾಯಿಂದ ನೀರು ಬರೋ ಬಸವಣ್ಣನ್ನ, ನಂದಿ ಗ್ರಾಮದ ಭೋಗನಂದೀಶ್ವರನ ಮುಂದಿರೋ ನಂದಿನ ಚಿಕ್ಕಂದಿನಿಂದ ನೋಡ್ತಾ ಬೆಳೆದಿರೋದ್ರಿಂದ ಕೈ ತಾನಾಗೇ ಆ ಕಡೆ ಹೋಗುತ್ತೆ, ನೆಟ್ಟಗೆ, ಎರಡೂ ಕಡೆ ಸಮವಾಗಿ. ನಿಜವಾದ ಹಸು ಹಾಗೆ ಕೂರಲ್ಲ. ಮುಂಗಾಲು ಎರಡೂ ಎದೆ ಕೆಳಗೆ ಮಡಚಿಕೊಳ್ಳುತ್ತೆ, ಹಿಂಭಾಗ ಒಂದು ಪಕ್ಕಕ್ಕೆ ವಾಲಿರುತ್ತೆ, ಒಂದು ಹಿಂಗಾಲು ಹೊಟ್ಟೆ ಅಡೀಲಿ, ಇನ್ನೊಂದು ಹೊರಗೆ ಚಾಚಿರುತ್ತೆ. ಬೆನ್ನುಮೂಳೆ ಮೇಲಿಂದ ನೋಡಿದ್ರೆ ನೇರ ಇರಲ್ಲ, ಸಣ್ಣ ಬಾಗು. ಇದನ್ನ ನನಗೆ ತೋರಿಸಿಕೊಟ್ಟಿದ್ದು ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತೋ ಪರಿಚಯದ ಒಬ್ಬ ಅಣ್ಣ. ಅವರ ಊರಲ್ಲಿ ಮನೆ ಮುಂದೇನೇ ದೇವರ ಮೂರ್ತಿ ಕೆತ್ತೋದು, ರಸ್ತೇಲಿ ಹೋದ್ರೆ ಉಳಿ ಸದ್ದು ಕೇಳುತ್ತೆ. ಫೋಟೋ ತೋರಿಸಿದ್ದಕ್ಕೆ, "ಪಕ್ಕದಿಂದ ಚೆನ್ನಾಗೈತೆ ಕಣಪ್ಪ, ಒಂದು ಸಲ ನೆತ್ತಿ ಮೇಲಿಂದ ನೋಡು, ಹಲಗೆ ಥರ ಐತೆ" ಅಂದ್ರು. ಮೇಲಿಂದ ನೋಡಿದ್ರೆ ಸತ್ಯ. ಮಾರನೇ ದಿನ ಸೊಂಟದ ಮೂಳೆ ಎರಡೂ ಕಡೆ ಎತ್ತಿ, ಹೊಟ್ಟೆ ಹೊರಗೆ ತಂದು, ಕತ್ತು ಎಡಕ್ಕೆ ತಿರುಗಿಸಿದ ಮೇಲೆ ಹಸು ಹಸು ಆಯ್ತು.

ಮಾಡಿದ ಕ್ರಮ: ಹಲಗೆ ಮೇಲೆ ಎರಡು ಪದರ ನ್ಯೂಸ್‌ಪೇಪರ್, ಅದರ ಮೇಲೆ 4 ಕೆಜಿ ಮಣ್ಣಿನ ಮುದ್ದೆ, ಮರದ ಪಟ್ಟಿಯಿಂದ ತಟ್ಟಿ ದೊಡ್ಡ ಆಕಾರ. ಪೇಪರ್ ಹಾಕೋದು ಯಾಕಂದ್ರೆ ಒಣಗೋವಾಗ ಹಸು ಚಿಕ್ಕದಾಗ್ತಾ ಹಲಗೆ ಮೇಲೆ ಜಾರಬೇಕು, ಹಲಗೆಗೆ ಅಂಟಿಕೊಂಡ್ರೆ ತಳ ಸೀಳುತ್ತೆ. ಮೊದಲು ಮೈ, ಆಮೇಲೆ ಕತ್ತು, ತಲೆ, ಗಂಗೆದೊಗಲು, ಕೊನೇಲಿ ಕಿವಿ, ಕೊಂಬು, ಬಾಲ. ರಾತ್ರಿ ಲೈಟ್ ಆರಿಸಿ ಮೊಬೈಲ್ ಟಾರ್ಚ್ ಒಂದು ಪಕ್ಕದಿಂದ ಬಿಟ್ರೆ ಎಲ್ಲಿ ಉಬ್ಬು, ಎಲ್ಲಿ ತಗ್ಗು ಅಂತ ನೆರಳಲ್ಲಿ ಸ್ಪಷ್ಟ ಕಾಣುತ್ತೆ, ಹಗಲಲ್ಲಿ ಕಾಣದೇ ಇರೋದೆಲ್ಲಾ ಸಿಗುತ್ತೆ. ಕಿವಿ ಕೊಂಬಿನ ಪಕ್ಕ ಅಲ್ಲ, ಕೊಂಬಿನ ಕೆಳಗೆ, ಹಿಂದೆ. ಕಣ್ಣು ಮುಖದ ಮುಂದೆ ಅಲ್ಲ, ಪಕ್ಕಕ್ಕೆ. ಕೆಲಸ ನಿಲ್ಲಿಸಿದಾಗಲೆಲ್ಲಾ ಒದ್ದೆ ಬಟ್ಟೆ ಹೊದಿಸಿ ಮೇಲೆ ಪ್ಲಾಸ್ಟಿಕ್ ಕವರ್, ಶಿಫ್ಟ್ ಇರೋರಿಗೆ ಅದಿಲ್ಲದೆ ನಡೆಯಲ್ಲ.

7. ಟೊಳ್ಳು ಮಾಡಿದ್ದು

ಆಕಾರ ಮುಗಿದ ಮೇಲೆ ಅರೆ ಒಣಗೋವರೆಗೆ ಕಾದೆ. ಹದ ಯಾವುದು ಅಂದ್ರೆ, ಉಗುರು ಒತ್ತಿದ್ರೆ ಗುರುತು ಬೀಳಬೇಕು, ಬೆರಳು ಒತ್ತಿದ್ರೆ ತಗ್ಗಬಾರದು. ಬ್ರೇಕ್ ವೈರಿನ ಎಳೆ ಎರಡು ಕಡೆ ಕಡ್ಡಿಗೆ ಕಟ್ಟಿ, ಬೆನ್ನು ಮೇಲಿಂದ ಅಡ್ಡಡ್ಡಕ್ಕೆ, ಭುಜದ ಹಿಂದೆ ಒಂದು ಸಲ ಎಳೆದು ಮೈನ ಎರಡು ತುಂಡು ಮಾಡ್ದೆ. ಅಷ್ಟು ದಿನದ ಕೆಲಸ ತುಂಡು ಮಾಡೋವಾಗ ಕೈ ನಡುಗುತ್ತೆ, ಆದ್ರೆ ಬೇರೆ ದಾರಿ ಇಲ್ಲ. ಕತ್ತರಿಸೋ ಮುಂಚೆ ಸೇರೋ ಜಾಗದಲ್ಲಿ ಅಡ್ಡ ಗೆರೆ ಹಾಕಿ ಗುರುತು ಮಾಡ್ಕೊಳ್ಳಿ, ಆಮೇಲೆ ಸರಿಯಾಗಿ ಕೂರಿಸೋಕೆ ಬೇಕಾಗುತ್ತೆ.

ಸ್ಪೋಕ್ ಕಂಬೀಲಿ ಒಳಗೆಲ್ಲಾ ಕೆರೆದು ಗೋಡೆ ಒಂದೂವರೆಯಿಂದ 2 ಸೆಂಟಿಮೀಟರ್‌ಗೆ ಇಳಿಸಿದೆ. ದಪ್ಪ ನೋಡೋಕೆ ಗುಂಡುಸೂಜಿ ಚುಚ್ಚಿ ಅಳೆಯೋದು. ತಲೇನೂ ಕತ್ತಿನ ಕಡೆಯಿಂದ ಚಮಚ ಹಾಕಿ ಟೊಳ್ಳು ಮಾಡ್ದೆ. ಒಂದು ಜಾಗದಲ್ಲಿ, ಹೊಟ್ಟೆ ಬಲಗಡೆ, ಕೆರೀತಾ ಕೆರೀತಾ 6 ಎಂಎಂಗೆ ಇಳಿದುಹೋಗಿ ಮೈ ಒಳಕ್ಕೆ ತಗ್ತು, ಒಳಗಿಂದ ಅದೇ ಹದದ ಮಣ್ಣು ಗೀರು ಹಾಕಿ ಮೆತ್ತಿ ಸರಿ ಮಾಡಿದ್ದಾಯ್ತು. ಸೇರಿಸೋ ಎರಡೂ ಮೈಗೆ ಬ್ಲೇಡಲ್ಲಿ ಅಡ್ಡಡ್ಡ ಗೀರಿ, ಅದೇ ಮಣ್ಣನ್ನ ನೀರಲ್ಲಿ ಕದಡಿದ ಲೋಳೆ ಹಚ್ಚಿ, ಒತ್ತಿ, ಸಂದಿಗೆ ಸಣ್ಣ ಎಳೆ ಮಣ್ಣು ತುಂಬಿ ಬಿದಿರು ಕಡ್ಡೀಲಿ ತಿಕ್ಕಿದೆ. ತಳದಲ್ಲಿ ಹೆಬ್ಬೆರಳು ದಪ್ಪದ ತೂತು, ತಲೆಯಿಂದ ಮೈಗೂ ಒಳಗೊಳಗೇ ದಾರಿ, ಆವಿ ಹೋಗೋಕೆ. ಕೆರೆದು ತೆಗೆದ ಮಣ್ಣು ಒಂದು ಕೆಜಿ ಹತ್ರ.

8. ಒಣಗಿಸಿದ್ದು

ಆಷಾಢದ ಗಾಳಿ ನಮ್ಮ ಕಡೆ ಹೇಗಿರುತ್ತೆ ಅಂತ ಗೊತ್ತಲ್ಲ, ಆ ಗಾಳೀಲಿ ಹಿಂದೆ ಇಟ್ಟಿದ್ದ ಸಣ್ಣ ಪುಟ್ಟದ್ದೆಲ್ಲಾ ಒಂದೇ ಕಡೆ ಬೇಗ ಒಣಗಿ ಬಾಗಿಹೋಗಿದ್ವು. ಹಸು ಒಣಗಿಸೋ ಹೊತ್ತಿಗೆ ಶ್ರಾವಣ ಬಂದಿತ್ತು, ಆದ್ರೂ ಕಿಟಕಿ ಇಲ್ಲದ ಸಾಮಾನು ರೂಮಲ್ಲೇ ಇಟ್ಟೆ. ತೆಳ್ಳಗಿರೋದು ಬೇಗ ಒಣಗುತ್ತೆ, ದಪ್ಪ ಇರೋದು ನಿಧಾನ, ಒಡೆಯೋದು ಇವೆರಡರ ಮಧ್ಯದ ಗೆರೇಲೇ. ಅದಕ್ಕೆ ಕಿವಿ, ಕೊಂಬು, ಬಾಲಕ್ಕೆ ಒದ್ದೆ ಹತ್ತಿ ಸುತ್ತಿ ಪ್ಲಾಸ್ಟಿಕ್ ಕಟ್ಟಿ, ಮೈ ಮಾತ್ರ ಸಡಿಲವಾಗಿ ನ್ಯೂಸ್‌ಪೇಪರ್ ಹೊದಿಸಿದೆ. ಮೈ ಬಣ್ಣ ತಿಳಿಯಾಗೋಕೆ ಶುರುವಾದ ಮೇಲೆ ಕಿವಿ ಬಿಚ್ಚಿದ್ದು. ಆಮೇಲೆ ಹಲಗೆಯಿಂದ ಎತ್ತಿ ಎರಡು ಬಿದಿರು ದಬ್ಬೆ ಮೇಲೆ ಕೂರಿಸಿದೆ, ಕೆಳಗಿಂದಾನೂ ಗಾಳಿ ಆಡಬೇಕು. ಇಷ್ಟು ಮಾಡಿದ್ರೂ ಎಡ ಕೊಂಬಿನ ಬುಡದಲ್ಲಿ ಕೂದಲೆಳೆ ಬಿರುಕು ಬಂತು. ಹೆಂಚಿನ ಪುಡೀನ ಲೋಳೇಲಿ ಗಟ್ಟಿಯಾಗಿ ಕಲಸಿ ತುಂಬಿದೆ, ಬರೀ ಲೋಳೆ ತುಂಬಿದ್ರೆ ಅದೂ ಕುಗ್ಗಿ ಮತ್ತೆ ಬಾಯಿ ಬಿಡುತ್ತೆ.

ಒಣಗಿದೆಯಾ ಇಲ್ವಾ ಅಂತ ತಿಳ್ಕೊಳ್ಳೋಕೆ ಕೆನ್ನೆಗೆ ತಾಗಿಸಿ ನೋಡ್ತಾರೆ, ತಣ್ಣಗಿದ್ರೆ ಒಳಗೆ ನೀರಿದೆ ಅಂತ. ಅದು ಸರಿ, ಆದ್ರೆ ಕರುವಿನ ತಲೆ ಒಡೆದ ಮೇಲೆ ನಾನು ಅಡುಗೆ ಮನೆ ತಕ್ಕಡೀನೇ ನಂಬಿದ್ದು. ಟೊಳ್ಳು ಮಾಡಿದ ದಿನ 3 ಕೆಜಿ 150 ಗ್ರಾಂ. ಒಂದು ವಾರಕ್ಕೆ 2 ಕೆಜಿ 780, ಇನ್ನೊಂದು ವಾರಕ್ಕೆ 2 ಕೆಜಿ 570. ಆಮೇಲೆ ಇಳಿಯೋದು ನಿಧಾನ ಆಗಿ 2 ಕೆಜಿ 520ಕ್ಕೆ ನಿಂತ್ಕೊಂತು, ಬಿಸಿಲಿಗೆ ಇಟ್ಟು ಮತ್ತೆ ತೂಗಿದ್ರೂ ಅಷ್ಟೇ. 630 ಗ್ರಾಂ ನೀರು ಆ ಒಂದು ಹಸೂಯಿಂದ ಹೊರಗೆ ಹೋಗಿತ್ತು, ಅರ್ಧ ಲೀಟರಿಗಿಂತ ಜಾಸ್ತಿ. ತೂಕ ನಿಲ್ಲೋವರೆಗೂ ಬೆಂಕಿ ಹತ್ರ ತಗೊಂಡು ಹೋಗಬೇಡಿ.

9. ತಾತನ ಆವಿಗೆ

ಪಕ್ಕದೂರಲ್ಲಿ ಕುಂಬಾರ ತಾತ ಒಬ್ರು ದೀಪಾವಳಿ, ಕಾರ್ತಿಕಕ್ಕೆ ಅಂತ ಹಣತೆ ಸುಡ್ತಾರೆ. ಅವರ ಹಣತೆ ಮಧ್ಯ ಒಂದು ಜಾಗ ಕೇಳೋಕೆ ಹೋದೆ. ತಾತ ಹಸೂನ ಕೈಯಲ್ಲಿ ಎತ್ತಿ, ತಳದ ತೂತಲ್ಲಿ ಬೆರಳು ಹಾಕಿ ದಪ್ಪ ನೋಡಿ, ಬೆರಳ ಗೆಣ್ಣಲ್ಲಿ ತಟ್ಟಿ ಸದ್ದು ಕೇಳಿ, "ಇನ್ನೂ ಎಂಟು ದಿನ ಒಲೆ ಅಟ್ಟದ ಮೇಲೆ ಇಕ್ಕಿ ತಗಂಡ್ ಬಾ, ಇದು ಹಸಿ ಇದ್ರೆ ನನ್ನ ದೀಪಾನೂ ಸೇರಿಸಿ ಒಡೆದಾಕ್ತದೆ" ಅಂದ್ರು. ತಕ್ಕಡಿ ಲೆಕ್ಕ ಹೇಳ್ದೆ, ಒಪ್ಪಲಿಲ್ಲ. ಸೌದೆ ಒಲೆ ಮೇಲಿನ ಅಟ್ಟದಲ್ಲಿ ಅಮ್ಮ ಜಾಗ ಮಾಡಿಕೊಟ್ರು. ಅಲ್ಲಿಂದ ಇಳಿಸಿ ತೂಗಿದ್ರೆ 2 ಕೆಜಿ 490. ಮಳೆಗಾಲದ ಗಾಳೀಲಿದ್ದ ತೇವ ಇನ್ನೂ 30 ಗ್ರಾಂ ಒಳಗಿತ್ತು, ತಾತ ಹೇಳಿದ್ದೇ ಸರಿ.

ಆವಿಗೆ ಎದೆ ಮಟ್ಟದ ದುಂಡು ಮಣ್ಣಿನ ಗೋಡೆ, ಕೆಳಗೆ ಬೆಂಕಿ ಬಾಯಿ. ಕೆಳಗೆ ಮಡಕೆ, ಮೇಲೆ ಹಣತೆ, ಮಧ್ಯದಲ್ಲಿ ಒಂದು ಮಡಕೆ ಬೋರಲು ಹಾಕಿ ಅದರ ಪಕ್ಕ ನನ್ನ ಹಸು, ಮೇಲೆ ಮಡಕೆ ಚೂರು, ಹುಲ್ಲು, ಕೆಸರು. ಸಂಜೆ ಹಚ್ಚಿ ರಾತ್ರಿ ಹತ್ತರವರೆಗೂ ಬರೀ ಹೊಗೆ ಬರೋ ಅಷ್ಟೇ ಉರಿ, ತಾತ ಒಂದೊಂದೇ ಪುರಲೆ ಇಡ್ತಿದ್ರು. ನನ್ನ ಗುಂಡೀಲಿ ಹತ್ತು ನಿಮಿಷದಲ್ಲಿ ಮಾಡಿದ್ದನ್ನ ಅವರು ನಾಲ್ಕು ಗಂಟೆ ಹೊತ್ತು ಮಾಡಿದ್ರು. ಆಮೇಲೆ ದಪ್ಪ ಸೌದೆ. ಬೆಳಗಿನ ಜಾವ ಸಂದಿಯಿಂದ ನೋಡಿದ್ರೆ ಒಳಗಿನ ಮಡಕೆಗಳೇ ಕೆಂಪಗೆ ಹೊಳೀತಿದ್ವು, ಆ ಬಣ್ಣಕ್ಕೆ 800 ಡಿಗ್ರಿ ಆಸುಪಾಸು ಅಂತ ಲೆಕ್ಕ. ಒಂದು ಇಡೀ ದಿನ ಆರೋಕೆ ಬಿಟ್ಟು ತೆಗೆದಿದ್ದು. ಹಸು ಇಡಿಯಾಗಿ ಬಂತು. ಕೊಂಬಿನ ಬಿರುಕು ಕಾಣುತ್ತೆ, ಆದ್ರೆ ಗಟ್ಟಿ ಇದೆ, ಬೆನ್ನು ಮೇಲೆ ಒಂದು ಹೊಗೆ ಮಚ್ಚೆ, ಅದು ನನಗೆ ಇಷ್ಟಾನೇ ಆಯ್ತು.

10. ಸುಣ್ಣ

ಮನೆಗೆ ತಂದು ಟಿವಿ ಪಕ್ಕ ಇಟ್ಟ ಎರಡು ಮೂರು ದಿನಕ್ಕೆ ಹೊಟ್ಟೆ ಮೇಲೆ ಒಂದು ರೂಪಾಯಿ ಅಗಲದ ಚಕ್ಕೆ ಎದ್ದು ಬಿತ್ತು. ಬಿದ್ದ ಗುಳಿ ಮಧ್ಯ ಬೆಳ್ಳಗೆ ಒಂದು ಚುಕ್ಕೆ. ಮಾರನೇ ದಿನ ತೊಡೆ ಮೇಲೆ ಇನ್ನೊಂದು. ಯಾರೋ ತಾಗಿಸಿದ್ದಾರೆ ಅಂತ ಮೊದಲು ಅನ್ಕೊಂಡೆ. ಅದು ಶಂಖದ ಹುಳದ ಚಿಪ್ಪು. ಸೊಳ್ಳೆ ಜಾಲರಿ ತೂತಲ್ಲಿ ಒಂದು ಎಂಎಂ ಮೇಲಿನ ಚೂರೂ ನುಗ್ಗುತ್ತೆ, ಅದು ಆವಿಗೇಲಿ ಸುಟ್ಟು ಸುಣ್ಣ ಆಗುತ್ತೆ, ಆಮೇಲೆ ಗಾಳೀಲಿರೋ ತೇವ ಕುಡಿದು ಊದಿಕೊಂಡು ಮೇಲಿನ ಮೈನ ಒದ್ದು ಬೀಳಿಸುತ್ತೆ. ಗುಂಡೀಲಿ ಸುಟ್ಟ ಪಟ್ಟಿಗಳಲ್ಲಿ ಇದು ಗೊತ್ತೇ ಆಗ್ಲಿಲ್ಲ, ಯಾಕಂದ್ರೆ ಗುಂಡಿ ಬೆಂಕಿ ಚಿಪ್ಪು ಸುಣ್ಣ ಆಗೋವಷ್ಟು ಬಿಸಿ ಏರಿರಲ್ಲ. ಕೊನೇಲಿ ಎಲ್ಲಿ ಸುಡ್ತೀರೋ ಪರೀಕ್ಷೆ ಪಟ್ಟೀನೂ ಅಲ್ಲೇ ಸುಡಬೇಕು, ಈ ಇಡೀ ಕೆಲಸದಲ್ಲಿ ನನಗೆ ತುಂಬಾ ದುಬಾರಿ ಬಿದ್ದ ಪಾಠ ಅದು.

ತಾತನ್ನ ಕೇಳಿದ್ರೆ ಅವರು ಕೆರೆ ಮಣ್ಣಿನ ಮೇಲಿನ ಒಂದು ಅಡಿ ತೆಗೆದು ಹಾಕಿ ಕೆಳಗಿನದು ಮಾತ್ರ ತರ್ತಾರಂತೆ, ಚಿಪ್ಪೆಲ್ಲಾ ಮೇಲಿನ ಪದರದಲ್ಲೇ ಇರೋದು. ಇಟ್ಟಿಗೆ ಗೂಡಲ್ಲಿ ಕೆಲಸ ಮಾಡೋ ನಮ್ಮ ಹುಡುಗ ಒಬ್ಬ ಸುಣ್ಣ ಇರೋ ಇಟ್ಟಿಗೇನ ಗೂಡಿಂದ ತೆಗೆದ ಕೂಡಲೇ ನೀರಲ್ಲಿ ಮುಳುಗಿಸ್ತಾರೆ ಅಂದ. ಹಸೂನ ಒಂದು ರಾತ್ರಿ ಡ್ರಮ್ಮಲ್ಲಿ ಮುಳುಗಿಸಿ ಇಟ್ಟೆ. ಆಮೇಲೆ ಒಂದು ಚಕ್ಕೆ ಎದ್ದಿದ್ದೇ ಕೊನೆ, ಈಗ ನಿಂತಿದೆ. ಗುಳಿಗಳಿಗೆ ಹೆಂಚಿನ ಪುಡೀನ ಅರಾಲ್ಡೈಟ್ ಅಂಟಲ್ಲಿ ಕಲಸಿ ತುಂಬಿದೆ, ಬಣ್ಣ ಹೊಂದ್ಕೊಂಡಿದೆ, ಹತ್ತಿರ ಹೋಗಿ ನೋಡಿದ್ರೆ ಮಾತ್ರ ಗೊತ್ತಾಗುತ್ತೆ.

ಖರ್ಚು

ಫ್ಯಾನ್ 250, ಬೋಲ್ಟ್ ನಟ್ಟು 80, ಜಾಲರಿ 120, ತಕ್ಕಡಿ 450, ಸ್ಪಾಂಜ್ ಬ್ರಷ್ಷು 60, ಮಾಸ್ಕ್ 90, ತಾತಂಗೆ 300. ಒಟ್ಟು 1350 ರೂಪಾಯಿ. ಸಿಮೆಂಟು, ಪ್ಲೈವುಡ್ಡು ಮನೇಲೇ ಉಳಿದಿತ್ತು, ಅರಾಲ್ಡೈಟೂ ಇತ್ತು. ತಕ್ಕಡಿ ಮನೇಲಿದ್ರೆ ಒಂಬೈನೂರಕ್ಕೆ ಮುಗೀತು.

ಈಗ ನಡೀತಿರೋದು

ಉಳಿದಿರೋ ಮಣ್ಣನ್ನೆಲ್ಲಾ ಮತ್ತೆ ಒಣಗಿಸಿ, ನೆನೆಸಿ, ಈ ಸಲ ಸೊಳ್ಳೆ ಜಾಲರಿ ಆದ ಮೇಲೆ ಹಳೇ ನೈಲಾನ್ ಸೀರೆ ಬಟ್ಟೇಲಿ ಇನ್ನೊಂದು ಸಲ ಸೋಸ್ತಾ ಇದೀನಿ. ತುಂಬಾ ನಿಧಾನ, ಒಂದು ಬಕೆಟ್‌ಗೆ ಮುಕ್ಕಾಲು ಗಂಟೆ. ಬಟ್ಟೇಲಿ ನಿಂತ ತರೀಗೆ ನಿಂಬೆಹಣ್ಣು ಹಿಂಡಿದ್ರೆ ಸಣ್ಣಗೆ ನೊರೆ ಏಳುತ್ತೆ, ಚಿಪ್ಪಿನ ಪುಡಿ ಇನ್ನೂ ಇದೆ ಅಂತ ಅದರಲ್ಲೇ ಗೊತ್ತಾಗುತ್ತೆ. ಸೋಸಿದ ಮಣ್ಣಿನ ನಾಲ್ಕು ಪಟ್ಟಿ ಒಣಗ್ತಾ ಇವೆ, ಎರಡನ್ನ ಇಟ್ಟಿಗೆ ಗೂಡಿಗೆ, ಎರಡನ್ನ ತಾತನ ಮುಂದಿನ ಆವಿಗೆಗೆ ಕೊಡ್ತೀನಿ. ಸುಟ್ಟು ಬಂದ ಮೇಲೆ ಹತ್ತು ಹದಿನೈದು ದಿನ ಬಚ್ಚಲ ಪಕ್ಕದ ತೇವದ ಜಾಗದಲ್ಲಿ ಇಟ್ಟು ನೋಡಬೇಕು, ಚಕ್ಕೆ ಏಳಲಿಲ್ಲ ಅಂದ್ರೆ 6 ಇಂಚಿನ ಕರು ಶುರು ಮಾಡೋದು, ಗೋಡೆ ದಪ್ಪ ಒಂದೂವರೆ ಸೆಂಟಿಮೀಟರ್, ಅದೇ 300 ಗ್ರಾಂ ಹೆಂಚಿನ ಪುಡಿ ಲೆಕ್ಕ.